ಎಕ್ಸೆಲ್ ಪಟ್ಟಿಯಿಂದ ಮೊಬೈಲ್ ನಮೂನೆಗೆ

ಪ್ರಶ್ನೆ: ನಮ್ಮ ರೈತ ಉತ್ಪಾದಕ ಕಂಪನಿಯ ಸದಸ್ಯರ ವಿವರಗಳೆಲ್ಲ ಒಂದೇ ಎಕ್ಸೆಲ್ ಹಾಳೆಯಲ್ಲಿವೆ. ಹಿರಿಯೂರು, ಚಳ್ಳಕೆರೆ, ಹೊಸದುರ್ಗ ತಾಲ್ಲೂಕುಗಳಲ್ಲಿ ಬೆಳೆ ವಿವರ ಬರೆದುಕೊಳ್ಳುವ ಕಾರ್ಯಕರ್ತರು ಅದನ್ನು ಮೊಬೈಲಿನಲ್ಲೇ ತುಂಬುವಂತಾಗಬೇಕು. ತಾಲ್ಲೂಕು ಆರಿಸಿದರೆ ಅಲ್ಲಿನ ಊರುಗಳು, ಊರು ಆರಿಸಿದರೆ ಅಲ್ಲಿನ ಸದಸ್ಯರು ಮಾತ್ರ ಕಾಣಬೇಕು. ಹಲವು ಊರುಗಳಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಗೂಗಲ್ ಫಾರ್ಮ್ಸ್ ಸಾಕೇ?
— ಓದುಗರೊಬ್ಬರು, ಹಿರಿಯೂರು

ಉತ್ತರ: ಸಾಲದು. ಗೂಗಲ್ ಫಾರ್ಮ್ಸ್ ನೆಟ್‌ವರ್ಕ್ ಇಲ್ಲದೆ ಕೆಲಸ ಮಾಡುವುದಿಲ್ಲ. ಉತ್ತರಕ್ಕೆ ತಕ್ಕಂತೆ ಬೇರೆ ವಿಭಾಗಕ್ಕೆ ಕಳುಹಿಸುವ ಸೌಲಭ್ಯ ಅದರಲ್ಲಿದ್ದರೂ, ಊರಿಗೊಂದು ವಿಭಾಗ ಮಾಡುತ್ತ ಹೋದರೆ ನಿಭಾಯಿಸಲಾಗದು. ಎಕ್ಸೆಲ್‌ನಲ್ಲೇ ಡೇಟಾ ವ್ಯಾಲಿಡೇಷನ್ ಬಳಸಿ ಇಂಥ ಪಟ್ಟಿ ಮಾಡಬಹುದಾದರೂ, ತಾಲ್ಲೂಕನ್ನು ಆಮೇಲೆ ಬದಲಿಸಿದಾಗ ಹಳೆಯ ಊರು ಹಾಗೆಯೇ ಉಳಿದುಬಿಡುತ್ತದೆ. ನಿಮ್ಮ ಕೆಲಸಕ್ಕೆ ಒಗ್ಗುವುದು, ಪ್ರಶ್ನೆಗಳನ್ನು ಎಕ್ಸೆಲ್‌ನಲ್ಲೇ ಬರೆದು ನಮೂನೆ ಮಾಡುವ ವಿಧಾನವಾದ ಎಕ್ಸ್‌ಎಲ್‌ಎಸ್‌ಫಾರ್ಮ್. ಕೋಬೋಟೂಲ್‌ಬಾಕ್ಸ್ ಮತ್ತು ಓಡಿಕೆ ಎಂಬ ಮಾಹಿತಿ ಸಂಗ್ರಹ ತಂತ್ರಾಂಶಗಳೆರಡೂ ಅದನ್ನು ಓದುತ್ತವೆ. ಇವುಗಳ ಆಂಡ್ರಾಯ್ಡ್ ಆ್ಯಪ್‌ಗಳು ತುಂಬಿದ ನಮೂನೆಯನ್ನು ಫೋನಿನಲ್ಲಿಟ್ಟುಕೊಂಡು, ನೆಟ್‌ವರ್ಕ್ ಸಿಕ್ಕಾಗ ಕಳುಹಿಸುತ್ತವೆ.

ಆದರೆ ನಮೂನೆಗಿಂತ ಮೊದಲು ಪಟ್ಟಿಯನ್ನು ಸರಿಪಡಿಸಿಕೊಳ್ಳಿ. ನಿಜವಾದ ಶ್ರಮವೆಲ್ಲ ಅಲ್ಲಿಯೇ ಇದೆ. ಒಂದೇ ಊರಿನ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆದಿದ್ದರೆ ಕಂಪ್ಯೂಟರಿಗೆ ಅವೆಲ್ಲ ಬೇರೆ ಬೇರೆ ಊರುಗಳೇ. ಆದ್ದರಿಂದ ಪ್ರತಿ ಊರಿಗೂ ಪ್ರತಿ ಸದಸ್ಯರಿಗೂ ಎಂದಿಗೂ ಬದಲಾಗದ ಒಂದು ಸಂಖ್ಯೆ ಕೊಡಿ. ಒಂದೇ ಊರಿನಲ್ಲಿ ಒಂದೇ ಹೆಸರಿನವರು ಹಲವರಿರುವಾಗ ಹೆಸರನ್ನು ನಂಬಿ ಕೊಂಡಿ ಹಾಕಲಾಗದು. ಸರ್ವೆ ನಂಬರನ್ನೂ ಗಮನಿಸಿ: 12/3 ಎಂದು ಬರೆದರೆ ಎಕ್ಸೆಲ್ ಅದನ್ನು ದಿನಾಂಕವೆಂದು ಬದಲಿಸಿಬಿಡುತ್ತದೆ. ಬರೆಯುವ ಮೊದಲೇ ಆ ಕಂಬಸಾಲನ್ನು (ಕಾಲಮ್) ಟೆಕ್ಸ್ಟ್ ಎಂದು ಗುರುತಿಸಬೇಕು. ಬದಲಾದ ಮೇಲೆ ಗುರುತಿಸಿದರೆ ಹಳೆಯ ಸಂಖ್ಯೆ ಮರಳಿ ಬರುವುದಿಲ್ಲ. ಜಮೀನಿನ ಲೆಕ್ಕದಲ್ಲಿ ಇನ್ನೂ ದೊಡ್ಡ ತಪ್ಪಾಗುತ್ತದೆ. ನಮ್ಮವರು 2 ಎಕರೆ 20 ಗುಂಟೆಯನ್ನು 2.20 ಎಂದು ಬರೆಯುತ್ತಾರೆ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ಅದು ಎರಡೂವರೆ ಎಕರೆ, ಎಕ್ಸೆಲ್ ಮಾತ್ರ 2.2 ಎಂದೇ ಕೂಡುತ್ತದೆ. ಎಕರೆಗೂ ಗುಂಟೆಗೂ ಬೇರೆ ಬೇರೆ ಜಾಗ ಕೊಟ್ಟು, ಗುಂಟೆ 39ನ್ನು ಮೀರದಂತೆ ನಿರ್ಬಂಧಿಸಿ, ಒಟ್ಟು ವಿಸ್ತೀರ್ಣವನ್ನು ನಮೂನೆಯೇ ಲೆಕ್ಕ ಹಾಕುವಂತೆ ಮಾಡಿ.

ಇನ್ನು ಜೋಡಣೆ. ಎಕ್ಸ್‌ಎಲ್‌ಎಸ್‌ಫಾರ್ಮ್ ಎಂದರೆ ಒಂದು ಎಕ್ಸೆಲ್ ಕಡತವೇ. ಅದರ ‘ಸರ್ವೆ’ ಹಾಳೆಯಲ್ಲಿ ಪ್ರಶ್ನೆಗಳಿರುತ್ತವೆ, ‘ಚಾಯ್ಸಸ್’ ಹಾಳೆಯಲ್ಲಿ ಆಯ್ಕೆಗಳಿರುತ್ತವೆ. ಚಾಯ್ಸಸ್ ಹಾಳೆಯಲ್ಲಿ ಪ್ರತಿ ಊರಿನ ಮುಂದೆ ಅದರ ತಾಲ್ಲೂಕನ್ನು ಬರೆಯಿರಿ. ಸರ್ವೆ ಹಾಳೆಯಲ್ಲಿ ಊರಿನ ಪ್ರಶ್ನೆಯ ಸಾಲಿಗೆ ಬಂದು, ‘ಚಾಯ್ಸ್ ಫಿಲ್ಟರ್’ ಎಂಬ ಕಂಬಸಾಲಿನಲ್ಲಿ, ಊರಿನ ತಾಲ್ಲೂಕು ಮೇಲೆ ಆರಿಸಿದ ತಾಲ್ಲೂಕಿಗೆ ಸಮನಾಗಿರಬೇಕೆಂಬ ಷರತ್ತು ಹಾಕಿ. ಸದಸ್ಯರ ಪಟ್ಟಿ ಉದ್ದವಾಗಿರುವುದರಿಂದ ಅದನ್ನು ಪ್ರತ್ಯೇಕ ಸಿಎಸ್‌ವಿ ಕಡತವಾಗಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಟ್ಟಿ) ಲಗತ್ತಿಸಿ, ಊರಿನ ಷರತ್ತನ್ನು ಅದಕ್ಕೂ ಅನ್ವಯಿಸಿ. ಸದಸ್ಯರನ್ನು ಆರಿಸಿದೊಡನೆ ‘ಪುಲ್‌ಡೇಟಾ’ ಸೂತ್ರವು ಅವರ ಸಂಖ್ಯೆಯನ್ನು ಹಿಡಿದು ಸರ್ವೆ ನಂಬರು, ದೂರವಾಣಿ ಮುಂತಾದ ವಿವರಗಳನ್ನು ತಂದುಕೊಡುತ್ತದೆ. ಪರದೆಯ ಮೇಲಿನ ಬರಹ ಕನ್ನಡದಲ್ಲಿರಲಿ. ಒಳಗಿನ ಗುರುತುಗಳು ಖಾಲಿ ಜಾಗವಿಲ್ಲದ ಸರಳ ಇಂಗ್ಲಿಷ್ ಅಕ್ಷರಗಳಲ್ಲಿದ್ದರೆ ತೊಡಕಾಗದು.

ಈ ಸಿಎಸ್‌ವಿ ಕಡತ ಪ್ರತಿಯೊಬ್ಬ ಕಾರ್ಯಕರ್ತರ ಫೋನಿಗೂ ಇಳಿಯುತ್ತದೆ ಎಂಬುದನ್ನು ದಯವಿಟ್ಟು ಮರೆಯಬೇಡಿ. ಸದಸ್ಯರ ಆಧಾರ್ ಮತ್ತು ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಅದರಿಂದ ತೆಗೆದ ಮೇಲೆಯೇ ಲಗತ್ತಿಸಿ.