ದಿವಾಳಿಯಾದ ಮೇಲೆ ಸಕಲೇಶಪುರದ ಮನೆಗೆ ವಿಮೆ ಮಾಡಿಸಬಹುದೇ?

ಮಾಡಿಸಬಹುದು, ಮನೆ ಇನ್ನೂ ನಿಮ್ಮ ಹೆಸರಿನಲ್ಲಿದ್ದರೆ. ಮನೆ ವಿಮೆಯ ಕಂತು ನಿಂತಿರುವುದು ಕಟ್ಟಡದ ಮೇಲೆ: ಎಷ್ಟು ವಿಸ್ತೀರ್ಣ, ಎಂಥ ಗೋಡೆ, ಎಂಥ ಮಾಡು. ವಿಮಾ ಕಂಪನಿ ನಿಮಗೆ ಸಾಲ ಕೊಡುತ್ತಿಲ್ಲವಲ್ಲ, ಕಂತು ಮೊದಲೇ ಕೈಸೇರುತ್ತದೆ. ಹಾಗಾಗಿ ಸಾಲ ತೀರಿಸಿದ ಚರಿತ್ರೆ ಹೇಳುವ ಸಿಬಿಲ್ ಅಂಕ ಇಲ್ಲಿ ದೊಡ್ಡ ವಿಷಯವಲ್ಲ.

ತೊಡಕು ಬರುವುದು ಒಡೆತನದಲ್ಲಿ. ಮನೆ ಹಾಳಾದರೆ ನಷ್ಟ ಯಾರಿಗೋ ಅವರೇ ವಿಮೆ ಮಾಡಿಸಬೇಕು. ದಿವಾಳಿ ಆದೇಶದಿಂದ ಮನೆ ರಿಸೀವರ್ (ದಿವಾಳಿಯಾದವರ ಆಸ್ತಿ ನೋಡಿಕೊಳ್ಳಲು ಕೋರ್ಟ್ ನೇಮಿಸಿದ ವ್ಯಕ್ತಿ) ಕೈಗೆ ಹೋಗಿದ್ದರೆ, ನಿಮ್ಮ ಹೆಸರಿನ ಪಾಲಿಸಿ ಪರಿಹಾರ ಕೇಳುವಾಗ ಬಿದ್ದುಹೋಗಬಹುದು. ಮೊದಲು ವಕೀಲರಿಗೆ ಆದೇಶದ ಪ್ರತಿ ತೋರಿಸಿ. ಅರ್ಜಿಯಲ್ಲಿ ಕೇಳಿದ್ದನ್ನು ಮುಚ್ಚಿಡಬೇಡಿ. ಅಡಮಾನ ಇದ್ದರೆ ಬ್ಯಾಂಕಿನ ಹೆಸರೂ ಸೇರಲಿ, ಪರಿಹಾರ ಮೊದಲು ಅಲ್ಲಿಗೇ ಹೋಗುತ್ತದೆ.

ಕೇಳಬೇಕಾದ ಪಾಲಿಸಿ 'ಭಾರತ್ ಗೃಹ ರಕ್ಷಾ'. 2021ರ ಏಪ್ರಿಲ್‌ನಿಂದ ಸಾಮಾನ್ಯ ವಿಮಾ ಕಂಪನಿಗಳಲ್ಲೆಲ್ಲ ಇದರ ಷರತ್ತು ಒಂದೇ. ಬೆಂಕಿ, ಸಿಡಿಲು, ನೆರೆ ಮಾತ್ರವಲ್ಲ, ಗುಡ್ಡ ಕುಸಿತವೂ ಸೇರಿದೆ. ಘಟ್ಟದ ಅಂಚಿನವರಿಗೆ ಮುಖ್ಯವಾದದ್ದು ಇದೇ. ಹೊಸ ಗೋಡೆಯ ಮಾಮೂಲಿ ಬಿರುಕು ಸೇರುವುದಿಲ್ಲ.

ವಿಮೆಯ ಮೊತ್ತ ನಿಗದಿಮಾಡುವಾಗ ಜಾಗದ ಬೆಲೆ ಲೆಕ್ಕಕ್ಕಿಲ್ಲ, ಮತ್ತೆ ಕಟ್ಟುವ ಖರ್ಚು ಮಾತ್ರ. 93 ಚದರ ಮೀಟರ್ (ಸುಮಾರು 1,000 ಚದರಡಿ) ಮನೆಗೆ ಚದರ ಮೀಟರಿಗೆ 20,000 ರೂಪಾಯಿ ಹಿಡಿದರೆ 18.6 ಲಕ್ಷ. ಒಳಗಿನ ಸಾಮಾನಿಗೆ ಅದರ ಶೇ 20, ಗರಿಷ್ಠ 10 ಲಕ್ಷದವರೆಗೆ, ತಾನಾಗಿಯೇ ಸೇರುತ್ತದೆ. ಕಂತಿಗೆ ಚೆಕ್ ಕೊಡಬೇಡಿ: ಬೌನ್ಸ್ ಆದರೆ ವಿಮೆ ಶುರುವೇ ಆಗಿಲ್ಲ ಎಂದು ಲೆಕ್ಕ.