ಸಂಪಾದಕರ ಉತ್ತರ: ದೊಡ್ಡವರು ಮೊದಲು ಹೋಗಲಿ

ಕುಮಟಾ ಹತ್ತಿರದ ಹಳ್ಳಿಯಿಂದ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: "ಪೋಪ್ ಫ್ರಾನ್ಸಿಸ್ ಕೈದಿಗಳ ಕಾಲು ತೊಳೆದ ಲೇಖನ ಓದಿದೆ. ಗುರುಗಳು ಬಗ್ಗಿದ ಮಾತ್ರಕ್ಕೆ ಊರು ಬದಲಾಗುತ್ತದೆಯೇ? ನಮ್ಮಲ್ಲಿ ಜನರೇ ಹೊಂದಿಕೊಂಡು ಬಾಳಿದ್ದರು. ಊರ ದೇವಿಯ ಬಂಡಿಹಬ್ಬಕ್ಕೆ ಮಸೀದಿಯ ಹಿರಿಯರು ಬರುತ್ತಿದ್ದರು, ಈಗ ಬರುತ್ತಿಲ್ಲ. ಇದಕ್ಕೆ ರೋಮಿನಲ್ಲಿ ಮದ್ದಿದೆಯೇ?"

ಮಾಸ್ತರರೇ,

ನಿಮ್ಮ ಅರ್ಧ ಮಾತನ್ನು ತಕರಾರಿಲ್ಲದೆ ಒಪ್ಪುತ್ತೇನೆ. ಕೂಡಿ ಬಾಳುವುದನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಯಾವ ಗುರುವೂ ಬಂದು ಕಲಿಸಬೇಕಾಗಿರಲಿಲ್ಲ. ಸದಾಶಿವಗಡದ ದರ್ಗಾಕ್ಕೆ ಹಿಂದೂಗಳೂ ಹರಕೆ ಹೊತ್ತು ಹೋಗುತ್ತಾರೆ. ಯಲ್ಲಾಪುರ, ಹಳಿಯಾಳ ಕಡೆಯ ಆಫ್ರಿಕಾ ಮೂಲದ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಬಳಗ ಮಾತ್ರ ಒಂದೇ.

ಇನ್ನರ್ಧವನ್ನು ಒಪ್ಪಲಾರೆ. ಇಂದು ಬೇರೆಯವರ ಹಬ್ಬಕ್ಕೆ ಹೋಗಿ ಬಂದ ಸಾಮಾನ್ಯ ಮನುಷ್ಯ ಮರುದಿನ ತನ್ನವರಿಗೇ ಲೆಕ್ಕ ಕೊಡಬೇಕು: ಯಾಕೆ ಹೋದೆ, ಏನು ತಿಂದೆ, ಯಾರ ಪಕ್ಕ ಕುಳಿತೆ? ಹಾಗೆ ಕೇಳುವವರ ಬಾಯಿ ಕಟ್ಟಿಸುವುದು ಅವನ ಕೈಯಲ್ಲಿಲ್ಲ. ಗುರುವೇ ಮೊದಲು ಹೋಗಿ ಬಂದರೆ, ಹಿಂದೆ ಹೋದವನನ್ನು ಯಾರು ತಡೆದು ಕೇಳುತ್ತಾರೆ? ಗುರುವಿನ ವಿನಯದಿಂದ ಆಗುವ ದೊಡ್ಡ ಉಪಕಾರ ಇದೇ ಎಂದು ನಂಬಿದ್ದೇನೆ.

ಕಾಲು ತೊಳೆದದ್ದನ್ನೇ ನೋಡಿ. 2013ರ ಮಾರ್ಚ್ 28, ಯೇಸು ಶಿಷ್ಯರ ಕಾಲು ತೊಳೆದದ್ದನ್ನು ಚರ್ಚು ನೆನೆಯುವ ಗುರುವಾರ. ಪೋಪ್ ಆಗಿ ಎರಡು ವಾರವಷ್ಟೇ ಆಗಿತ್ತು. 76 ವರ್ಷದ ಆ ಮನುಷ್ಯ ರೋಮಿನ ಬಾಲಾಪರಾಧಿಗಳ ಜೈಲಿನಲ್ಲಿ ನೆಲಕ್ಕೆ ಮೊಣಕಾಲೂರಿ, ಹನ್ನೆರಡು ಜನರ ಪಾದಕ್ಕೆ ನೀರು ಹೊಯ್ದು, ಬಟ್ಟೆಯಿಂದ ಒರೆಸಿ, ಬಗ್ಗಿ ಮುತ್ತಿಟ್ಟರು. ಅವರಲ್ಲಿ ಮುಸ್ಲಿಮರಿದ್ದರು, ಇಬ್ಬರು ಹೆಣ್ಣುಮಕ್ಕಳೂ ಇದ್ದರು. ಹೆಂಗಸರ ಪಾದ ತೊಳೆಯಲು ಚರ್ಚಿನ ಅಂದಿನ ವಿಧಿಯಲ್ಲಿ ಅವಕಾಶವಿರಲಿಲ್ಲ. ಸ್ವಂತ ಚರ್ಚಿನವರೇ ಕೆಲವರು ಮುನಿಸಿಕೊಂಡರು. ಬರೀ ಫೋಟೊಕ್ಕಾಗಿ ಯಾರೂ ತಮ್ಮವರ ಮುನಿಸನ್ನು ಕಟ್ಟಿಕೊಳ್ಳುವುದಿಲ್ಲ. 2016ರಲ್ಲಿ ಆ ವಿಧಿಯನ್ನೇ ತಿದ್ದಿದರು. ಅದೇ ವರ್ಷ ಅವರು ಪಾದ ತೊಳೆದ ನಿರಾಶ್ರಿತರಲ್ಲಿ ಒಬ್ಬರು ಹಿಂದೂ.

ಏನು ಬದಲಾಯಿತು ಎಂದು ನೀವು ಕೇಳಬಹುದು. ಸುನ್ನಿ ಮುಸ್ಲಿಮರ ಹೆಸರಾಂತ ವಿದ್ಯಾಪೀಠವಾದ ಕೈರೋದ ಅಲ್ ಅಝ್ಹರ್ 2011ರಲ್ಲಿ ವ್ಯಾಟಿಕನ್ ಜೊತೆ ಮಾತುಕತೆಯನ್ನೇ ನಿಲ್ಲಿಸಿತ್ತು. 2016ರಲ್ಲಿ ಅದರ ಮುಖ್ಯ ಇಮಾಮ್ ಅಹ್ಮದ್ ಅಲ್ ತಯ್ಯಿಬ್ ವ್ಯಾಟಿಕನ್‌ಗೆ ಬಂದರು, ಮರುವರ್ಷ ಪೋಪ್ ಕೈರೋಗೆ ಹೋದರು, 2019ರಲ್ಲಿ ಅಬುಧಾಬಿಯಲ್ಲಿ ಇಬ್ಬರೂ ಮಾನವ ಸೋದರತೆಯ ದಾಖಲೆಗೆ ಸಹಿ ಹಾಕಿದರು. ಯುದ್ಧಗಳೇನೂ ನಿಲ್ಲಲಿಲ್ಲ, ನಿಜ. ಆದರೆ ಹೋಗಿ ಬರುವ ದಾರಿ ತೆರೆಯಿತು.

ರೋಮ್ ದೂರವಾಯಿತೆಂದರೆ ಮುಂಡಗೋಡ ನಮ್ಮ ಜಿಲ್ಲೆಯದೇ. 1966ರಿಂದ ಅಲ್ಲಿ ನೆಲೆಸಿರುವ ಟಿಬೆಟನ್ನರ ಗುರು ದಲೈಲಾಮಾ 1990ರಲ್ಲಿ ಧರ್ಮಶಾಲೆಗೆ ಯಹೂದಿ ವಿದ್ವಾಂಸರನ್ನು ಕರೆಸಿ, ಸಾವಿರಾರು ವರ್ಷ ನೆಲೆ ತಪ್ಪಿದರೂ ಧರ್ಮವನ್ನು ಹೇಗೆ ಉಳಿಸಿಕೊಂಡಿರಿ, ನಮಗೂ ಹೇಳಿಕೊಡಿ ಎಂದು ಕೇಳಿದರು. ನನಗೆ ಇದು ಕಾಲು ತೊಳೆಯುವುದಕ್ಕಿಂತ ಕಷ್ಟದ ಕೆಲಸವಾಗಿ ಕಾಣುತ್ತದೆ. ಸೇವೆ ಮಾಡುವಾಗಲೂ ದೊಡ್ಡವರು ದೊಡ್ಡವರಾಗಿಯೇ ಉಳಿಯಬಹುದು. ಇನ್ನೊಂದು ಧರ್ಮದವರ ಮುಂದೆ ಕಲಿಯಲು ಕುಳಿತಾಗ ಅದು ಸಾಧ್ಯವಿಲ್ಲ. ಪಕ್ಕದ ಉಡುಪಿಯಲ್ಲಿ 2017ರಲ್ಲಿ ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮೀಜಿ ಕೃಷ್ಣಮಠದಲ್ಲಿ ಇಫ್ತಾರ್ ಏರ್ಪಡಿಸಿದ್ದೂ ನಿಮಗೆ ನೆನಪಿರಬಹುದು. ವಿರೋಧ ಜೋರಾಗಿಯೇ ಬಂತು. ಮಾಡಿದ್ದು ತಪ್ಪೆಂದು ಸ್ವಾಮೀಜಿ ಹೇಳಲಿಲ್ಲ.

ಈಗ ನಿಮ್ಮೂರ ಬಂಡಿಹಬ್ಬ. ಮಸೀದಿಯ ಹಿರಿಯರು ಬರುತ್ತಿಲ್ಲ ಎಂದಿರಿ. ಅವರನ್ನು ಕರೆಯಲು ಯಾರು ಹೋಗಿದ್ದರು ಎಂದು ಬರೆದಿಲ್ಲ. ಯಾರದೋ ಕೈಯಲ್ಲಿ ಆಮಂತ್ರಣ ಪತ್ರಿಕೆ ಕಳುಹಿಸಿದರೆ ಸಾಲದು. ದೇವಸ್ಥಾನ ಸಮಿತಿಯ ಅಧ್ಯಕ್ಷರೂ ಅರ್ಚಕರೂ ಹಗಲು ಹೊತ್ತಿನಲ್ಲಿ, ನಾಲ್ಕು ಜನ ನೋಡುವಂತೆ ಅವರ ಮನೆಗೆ ನಡೆದು ಹೋಗಲಿ, ಕೊಟ್ಟ ಚಹಾ ಕುಡಿದು ಬರಲಿ. ನೀವು ಹೇಳಿದರೆ ಊರು ಕೇಳುತ್ತದೆ. ಆ ಇಬ್ಬರನ್ನು ಹೊರಡಿಸುವ ಹೊಣೆ ನಿಮ್ಮದು. ಏನಾಯಿತೆಂದು ಬರೆಯಿರಿ. ಮಸೀದಿಯ ಹಿರಿಯರು ಬರಲು ಒಪ್ಪದಿದ್ದರೂ ಬರೆಯಿರಿ, ಪ್ರಕಟಿಸುತ್ತೇವೆ.

ಸಂಪಾದಕ