ಲಾ ಫೋರ್ಚುನಾದಲ್ಲಿ ಒಂದೇ ದಿನ: ಜಿಪ್‌ಲೈನ್ ಮೊದಲಾ, ಜಲಪಾತ ಮೊದಲಾ?

ಕೋಸ್ಟರಿಕಾದ ಲಾ ಫೋರ್ಚುನಾದಲ್ಲಿ ಕಾಡಿನ ಜಿಪ್‌ಲೈನ್ (ಎತ್ತರದಲ್ಲಿ ಕಟ್ಟಿದ ತಂತಿಗೆ ರಾಟೆಯಿಂದ ನೇತುಬಿದ್ದು ಜಾರುವ ಆಟ), ಜಲಪಾತ ಎರಡೂ ಒಂದೇ ದಿನದಲ್ಲಿ ಆಗುತ್ತದಾ, ಜೊತೆಗೆ ಮಂಡಿನೋವಿನ ಅಮ್ಮ ಇದ್ದಾರೆ ಅಂತ ಕೇಳಿದ್ದೀರಿ. ಆಗುತ್ತದೆ. ಆದರೆ ಜಿಪ್‌ಲೈನ್ ಬೆಳಿಗ್ಗೆಯೇ ಮುಗಿಸಿಬಿಡಿ. ನಾವು ಉಲ್ಟಾ ಮಾಡಿ ಒದ್ದಾಡಿದೆವು.

ಜಲಪಾತದ ಎತ್ತರ ಸುಮಾರು 70 ಮೀಟರ್. ಬುಡಕ್ಕೆ ಹೋಗಲು ಹತ್ತಿರ ಹತ್ತಿರ 500 ಮೆಟ್ಟಿಲು. ಚಾಮುಂಡಿ ಬೆಟ್ಟದ ಅರ್ಧ ಅಂದುಕೊಳ್ಳಿ, ಸೆಕೆ ಮಾತ್ರ ಮಂಗಳೂರಿನದು. ಇಳಿಯುವಾಗ ಏನೂ ಅನಿಸುವುದಿಲ್ಲ, ಹತ್ತುವಾಗ ಗೊತ್ತಾಗುತ್ತದೆ. ಅಮ್ಮನನ್ನು ಇಳಿಸಬೇಡಿ. ಮೇಲೆಯೇ ನೋಡುವ ಕಟ್ಟೆ ಇದೆ, ಅಲ್ಲಿಂದ ಪೂರ್ತಿ ಧಾರೆ ಕಾಣುತ್ತದೆ. ನೀವು ಇಳಿದರೆ ನೀರು ಬೀಳುವ ಜಾಗದ ಹತ್ತಿರ ಈಜಬೇಡಿ, ಸೆಳೆತ ಜಾಸ್ತಿ. ಸ್ವಲ್ಪ ಕೆಳಗೆ ಹೊಳೆ ಶಾಂತವಾಗಿದೆ, ಕಾಲಿನ ಸುತ್ತ ಮೀನು ಓಡಾಡುವುದು ಕಾಣುತ್ತದೆ.

ನಾವು ಇದೆಲ್ಲ ಮುಗಿಸಿ ಮಧ್ಯಾಹ್ನ ಜಿಪ್‌ಲೈನ್‌ಗೆ ಹೋದೆವು. ಕಾಲು ಆಗಲೇ ಗಡಗಡ. ನಮಗೆ ಕೊಟ್ಟಿದ್ದು ಚರ್ಮದ ಕೈಗವಸು. ರಾಟೆಯ ಹಿಂದೆ ತಂತಿಯನ್ನು ಮೆಲ್ಲಗೆ ಒತ್ತಿದರೆ ಅದೇ ಬ್ರೇಕು. ನಾನು ಹೆದರಿ ಮೊದಲೇ ಒತ್ತಿಬಿಟ್ಟೆ. ಮರಗಳ ತುದಿಯ ಮೇಲೆ, ನಡುದಾರಿಯಲ್ಲಿ ನಿಂತುಹೋದೆ! ಹಿಮ್ಮುಖ ತಿರುಗಿ, ಬಾವಿಹಗ್ಗ ಸೇದಿದ ಹಾಗೆ ತಂತಿ ಹಿಡಿದು ಎಳೆದುಕೊಂಡು ದಡ ಸೇರಬೇಕಾಯಿತು. ಆದ್ದರಿಂದ ಆಚೆ ತುದಿಯಲ್ಲಿ ನಿಂತ ಗೈಡ್‌ಗಳು ಕೈಸನ್ನೆ ಮಾಡುವ ತನಕ ಬ್ರೇಕ್ ಮುಟ್ಟಬೇಡಿ. ಕೆಲವು ಕಡೆ ಬ್ರೇಕ್ ಕೆಲಸ ಅವರೇ ನೋಡಿಕೊಳ್ಳುತ್ತಾರೆ, ಬುಕ್ ಮಾಡುವಾಗ ಇದನ್ನೂ ತೂಕದ ಮಿತಿಯನ್ನೂ ಕೇಳಿ. ಮೂರನೇ ತಂತಿ ಮುಗಿಯುವಷ್ಟರಲ್ಲಿ ಗುಡುಗು ಶುರುವಾಯಿತು, ಅರ್ಧಕ್ಕೇ ಇಳಿಸಿದರು. ಮೇಯಿಂದ ನವೆಂಬರ್‌ವರೆಗೆ ಅಲ್ಲಿ ಮಳೆಗಾಲ, ಮಳೆ ಸಾಮಾನ್ಯವಾಗಿ ಮಧ್ಯಾಹ್ನವೇ ಹಿಡಿಯುವುದು.

ರಾಜಧಾನಿ ಸಾನ್ ಹೊಸೆಯಿಂದ ಇಲ್ಲಿಗೆ ಕಾರಿನಲ್ಲಿ ಸುಮಾರು ಮೂರು ಗಂಟೆ, ಹಾಗಾಗಿ ಹಿಂದಿನ ರಾತ್ರಿಯೇ ಬಂದು ಉಳಿಯಿರಿ. ಬೆಳಿಗ್ಗೆ ಮೋಡ ಇಲ್ಲದಿದ್ದರೆ ಅರೆನಾಲ್ ಜ್ವಾಲಾಮುಖಿಯೂ ಕಂಡೀತು. 1968ರಲ್ಲಿ ಸಿಡಿದದ್ದು, 2010ರಿಂದ ಸುಮ್ಮನಿದೆ.

ಬಟ್ಟೆ: ಅಮ್ಮನೂ ತಂತಿ ಏರುವುದಾದರೆ ಪ್ಯಾಂಟ್ ಇರಲಿ, ತೊಡೆಗೆ ಬೆಲ್ಟ್ ಬಿಗಿಯುತ್ತಾರೆ. ದುಪಟ್ಟಾ ಬೇಡವೇ ಬೇಡ. ಸರ ಕಳಚಿಡಿ, ಜಡೆ ಹೆಲ್ಮೆಟ್ಟಿನ ಒಳಗೆ ತುರುಕಿ.

ಊಟಕ್ಕೆ ಕಸಾಡೊ ಕೇಳಿ. ಅನ್ನ, ಕರಿ ಅವರೆಯಂಥ ಕಾಳು, ಹುರಿದ ಬಾಳೆಹಣ್ಣು, ಎಲ್ಲ ಒಂದೇ ತಟ್ಟೆಯಲ್ಲಿ. ಸಸ್ಯಾಹಾರಿಗಳಾದರೆ ಬರೀ ‘ಸಿನ್ ಕಾರ್ನೆ’ (ಸ್ಪ್ಯಾನಿಶ್‌ನಲ್ಲಿ ‘ಮಾಂಸ ಬೇಡ’) ಅಂದರೆ ಸಾಲದು. ನಾನು ಹಾಗಂದೆ, ಕೋಳಿ ಬಂತು. ‘ಸಿನ್ ಪೋಯೊ, ಸಿನ್ ಪೆಸ್ಕಾಡೊ’ ಅಂತ ಕೋಳಿ, ಮೀನು ಎರಡನ್ನೂ ಹೆಸರು ಹಿಡಿದೇ ಬೇಡ ಅನ್ನಿ.